ವಾಸುದೇವಾಚಾರ್ಯರು ಕಲಿತ ಪರಿಭಾಷೆ: ಧಾತು, ಮಾತು ಮತ್ತು ತಾಳ

ಕನ್ನಡದ ಕೀರ್ತನ ಸಾಹಿತ್ಯವನ್ನು ಕುರಿತ ಅಧ್ಯಯನಗಳಲ್ಲಿ ಪಲ್ಲವಿ, ಅನುಪಲ್ಲವಿ, ಚರಣ, ತಾಳ, ಲಯ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕೀರ್ತನೆಗಳ ಮುದ್ರಿತ ಸಂಪುಟಗಳಲ್ಲಿ ಪ್ರತಿಯೊಂದು ರಚನೆಯ ನೆತ್ತಿಯ ಮೇಲೆ ರಾಗದ ಹೆಸರೂ ತಾಳದ ಹೆಸರೂ ಇರುತ್ತವೆ. ಆದರೆ ಸಾಹಿತ್ಯದ ತರಗತಿಯಲ್ಲಿ ಈ ಎರಡು ಹೆಸರುಗಳನ್ನು ದಾಟಿ ನೇರವಾಗಿ ಪದ್ಯದ ಅರ್ಥಕ್ಕೆ ಹೋಗುವುದೇ ರೂಢಿ. ಪಾರಿಭಾಷಿಕ ಪದಗಳನ್ನು ನಿಘಂಟಿನ ಅರ್ಥವಾಗಿ ಕಲಿಯುವುದಕ್ಕೂ ಬಳಕೆಯ ಅರಿವಾಗಿ ಪಡೆಯುವುದಕ್ಕೂ ಅಂತರವಿದೆ. ಈ ಅಂತರವನ್ನು ಗುರುತಿಸಲು ಮೈಸೂರು ವಾಸುದೇವಾಚಾರ್ಯರ ಬದುಕು ಒಂದು ಉತ್ತಮ ನಿದರ್ಶನ. ಸಂಸ್ಕೃತ ಪಾಠಶಾಲೆ, ತಿರುವೈಯಾರಿನ ಗುರುಕುಲ, ಮೈಸೂರಿನ ಆಸ್ಥಾನ, ಕನ್ನಡ ಗದ್ಯ, ಕೊನೆಗೆ ನೃತ್ಯನಾಟಕದ ರಂಗ ಹೀಗೆ ಐದು ನೆಲೆಗಳಲ್ಲಿ ಅವರು ಇದೇ ಪದಗಳೊಡನೆ ಬಾಳಿದರು. ಒಂದೊಂದು ನೆಲೆಯಲ್ಲಿಯೂ ಅವುಗಳ ಒಂದೊಂದು ಮುಖ ತೆರೆದುಕೊಂಡಿತು.

ವಾಸುದೇವಾಚಾರ್ಯರು 1865ರ ಮೇ 28ರಂದು ಮೈಸೂರಿನ ಒಂದು ಸಂಪ್ರದಾಯಸ್ಥ ಮಾಧ್ವ ಮನೆತನದಲ್ಲಿ ಜನಿಸಿದರು. ಅವರಿಗೆ ಮೂರು ವರ್ಷ ತುಂಬುವ ಮೊದಲೇ, 1868ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರು ತೀರಿಕೊಂಡರು. ಕವಿಗಳಿಗೂ ಸಂಗೀತಗಾರರಿಗೂ ಆಶ್ರಯ ನೀಡಿದ್ದ ಆ ಅರಸರ ಕಾಲದಲ್ಲಿ ತ್ಯಾಗರಾಜರ ಶಿಷ್ಯಪರಂಪರೆಗೆ ಸೇರಿದ ಸದಾಶಿವರಾಯರಂಥ ವಾಗ್ಗೇಯಕಾರರು ಮೈಸೂರಿನಲ್ಲಿ ನೆಲೆನಿಂತಿದ್ದರು. ವೀಣೆಯ ಪರಂಪರೆಯಂತೂ ಊರಿನ ಹೆಸರಿನೊಡನೆಯೇ ಬೆಸೆದುಕೊಂಡಿತ್ತು. ಹೀಗಾಗಿ ವಾಸುದೇವಾಚಾರ್ಯರ ಬಾಲ್ಯ ಕಳೆದದ್ದು ಸಂಗೀತದ ಮಾತುಗಳು ಕಿವಿಗೆ ಸಹಜವಾಗಿ ಬೀಳುತ್ತಿದ್ದ ಊರಿನಲ್ಲಿ. ಮಾಧ್ವ ಮನೆತನಗಳಲ್ಲಿ ನಿತ್ಯದ ಹಾಡಾಗಿದ್ದ ದೇವರನಾಮಗಳು ಅದೇ ಕಾಲಕ್ಕೆ ಕನ್ನಡ ಪದರಚನೆಯ ನಡೆಯನ್ನು ಪರಿಚಯಿಸುತ್ತಿದ್ದವು ಎಂಬುದನ್ನೂ ಇಲ್ಲಿ ನೆನೆಯಬೇಕು.

ಅವರ ವಿದ್ಯಾಭ್ಯಾಸ ಎರಡು ದಾರಿಗಳಲ್ಲಿ ನಡೆಯಿತು. ಒಂದು ಕಡೆ ವೀಣೆ ಪದ್ಮನಾಭಯ್ಯನವರಲ್ಲಿ ಸಂಗೀತದ ಪಾಠ. ಇನ್ನೊಂದು ಕಡೆ ಮಹಾರಾಜಾ ಸಂಸ್ಕೃತ ಪಾಠಶಾಲೆಯಲ್ಲಿ ಕಾವ್ಯ ಮತ್ತು ಶಾಸ್ತ್ರಗಳ ಅಧ್ಯಯನ. ಎರಡೂ ಕಡೆಗಳಲ್ಲಿ ಕಿವಿಗೆ ಬೀಳುವ ಪದಗಳು ಹಲವು ವೇಳೆ ಒಂದೇ. ಅರ್ಥ ಮಾತ್ರ ಬೇರೆ. ಛಂದಸ್ಸಿನಲ್ಲಿ ಲಘುವೆಂದರೆ ಒಂದು ಮಾತ್ರೆಯ ಅಕ್ಷರ. ತಾಳದಲ್ಲಿ ಲಘುವೆಂಬುದು ಒಂದು ಅಂಗ. ಒಂದು ತಟ್ಟಿನಿಂದ ಆರಂಭವಾಗಿ ಬೆರಳುಗಳ ಎಣಿಕೆಯಿಂದ ಮುಂದುವರಿಯುವ ಅದು ತಾಳದ ಜಾತಿಗೆ ತಕ್ಕಂತೆ ಮೂರು, ನಾಲ್ಕು, ಐದು, ಏಳು ಅಥವಾ ಒಂಬತ್ತು ಅಕ್ಷರಕಾಲಗಳನ್ನು ತುಂಬುತ್ತದೆ. ಛಂದಸ್ಸಿನ ಅಕ್ಷರ ಉಚ್ಚಾರಣೆಯ ಘಟಕವಾದರೆ ತಾಳದ ಅಕ್ಷರ ಕಾಲದ ಘಟಕ. ಒಂದು ಅಕ್ಷರಕಾಲದಲ್ಲಿ ಎರಡು, ನಾಲ್ಕು ಅಕ್ಷರಗಳನ್ನು ನುಡಿಯಬಹುದು. ಒಂದೇ ಅಕ್ಷರವನ್ನು ಹಲವು ಅಕ್ಷರಕಾಲಗಳವರೆಗೆ ಎಳೆಯಲೂ ಬಹುದು. ಕನ್ನಡ ಛಂದಸ್ಸನ್ನು ಬಲ್ಲ ವಿದ್ಯಾರ್ಥಿ ಸಂಗೀತದ ಗ್ರಂಥವನ್ನು ಕೈಗೆತ್ತಿಕೊಂಡಾಗ ಮೊದಲು ಎಡವುವುದು ಈ ಜಾಗದಲ್ಲಿಯೇ. ಪಾಠಶಾಲೆಯನ್ನೂ ವೀಣೆಯ ಪಾಠವನ್ನೂ ಏಕಕಾಲಕ್ಕೆ ಕಂಡ ವಾಸುದೇವಾಚಾರ್ಯರಿಗೆ ಈ ಎರಡು ಲೆಕ್ಕಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಂಡು ಜೊತೆಗೂಡಿಸುವ ಶಕ್ತಿ ಎಳವೆಯಲ್ಲಿಯೇ ಒದಗಿತೆಂದು ಹೇಳಬಹುದು.

1881ರಲ್ಲಿ ಅಧಿಕಾರ ವಹಿಸಿಕೊಂಡ ಹತ್ತನೆಯ ಚಾಮರಾಜ ಒಡೆಯರು ತರುಣ ವಾಸುದೇವಾಚಾರ್ಯರ ಪ್ರತಿಭೆಯನ್ನು ಗುರುತಿಸಿ, ಉನ್ನತ ಸಂಗೀತ ಶಿಕ್ಷಣಕ್ಕಾಗಿ ಅವರನ್ನು ತಿರುವೈಯಾರಿಗೆ ಕಳುಹಿಸಿದರು. ಕಾವೇರಿಯ ದಡದ ಆ ಊರು ತ್ಯಾಗರಾಜರು ಬಾಳಿದ ಸ್ಥಳ. ಅಲ್ಲಿ ಅವರಿಗೆ ಗುರುವಾದವರು ಪಟ್ಣಂ ಸುಬ್ರಹ್ಮಣ್ಯ ಅಯ್ಯರ್. ತ್ಯಾಗರಾಜರ ನೇರ ಶಿಷ್ಯರಾದ ಮಾನಂಬುಚಾವಡಿ ವೆಂಕಟಸುಬ್ಬಯ್ಯರ್ ಅವರಲ್ಲಿ ಕಲಿತ ಪಟ್ಣಂ ಅವರು 1845ರಿಂದ 1902ರವರೆಗೆ ಬಾಳಿದವರು. ಬೇಗಡೆ ರಾಗದ ವಿಸ್ತಾರಕ್ಕೆ ಹೆಸರಾಗಿ, ಆ ರಾಗದ ಹೆಸರಿನಿಂದಲೇ ಗುರುತಿಸಿಕೊಂಡಿದ್ದ ಅವರು ಕದನಕುತೂಹಲ ರಾಗವನ್ನು ಬಳಕೆಗೆ ತಂದವರು; ವೆಂಕಟೇಶ ಎಂಬ ಅಂಕಿತದಲ್ಲಿ ಕೃತಿಗಳನ್ನು ರಚಿಸಿದವರು. ತ್ಯಾಗರಾಜರಿಂದ ಎಣಿಸಿದರೆ ವಾಸುದೇವಾಚಾರ್ಯರು ನಾಲ್ಕನೆಯ ತಲೆಮಾರಿನವರಾಗುತ್ತಾರೆ. ರಾಮನಾಡು ಶ್ರೀನಿವಾಸ ಅಯ್ಯಂಗಾರ್, ಟೈಗರ್ ವರದಾಚಾರ್ಯರು ಮೊದಲಾದವರೂ ಇದೇ ಗುರುವಿನ ಶಿಷ್ಯರು.

ಅಂದಿನ ಗುರುಕುಲದಲ್ಲಿ ಪಠ್ಯಪುಸ್ತಕವಿರಲಿಲ್ಲ. ಪರಿಭಾಷೆಯ ಪಾಠವೆಂಬ ಪ್ರತ್ಯೇಕ ವೇಳೆಯೂ ಇರಲಿಲ್ಲ. ಗುರುವಿನ ಮನೆಯ ಕೆಲಸ, ತಂಬೂರಿಯನ್ನು ಶ್ರುತಿಗೂಡಿಸುವುದು, ಕಛೇರಿಯಲ್ಲಿ ಹಿಂದೆ ಕುಳಿತು ದನಿಗೂಡಿಸುವುದು, ಗುರು ತನ್ನಷ್ಟಕ್ಕೆ ಸಾಧನೆ ಮಾಡುವಾಗ ಕೇಳುತ್ತಿರುವುದು ಇವೆಲ್ಲವೂ ಕಲಿಕೆಯೇ. ಇಂಥ ಕಲಿಕೆಯಲ್ಲಿ ಪದಕ್ಕಿಂತ ಮೊದಲು ಅನುಭವ ಬರುತ್ತದೆ. ಹಾಡಿನ ಯಾವ ಭಾಗಕ್ಕೆ ಮತ್ತೆ ಮತ್ತೆ ಮರಳಬೇಕೆಂಬುದು ಕಂಠಕ್ಕೆ ಗೊತ್ತಾದ ಮೇಲೆ ಆ ಭಾಗದ ಹೆಸರು ಪಲ್ಲವಿ ಎಂದು ತಿಳಿಯುತ್ತದೆ. ದನಿ ಮೇಲಿನ ಷಡ್ಜದ ಕಡೆಗೆ ಏರಿ, ಅಲ್ಲಿ ಸುಳಿದು, ಮತ್ತೆ ಪಲ್ಲವಿಗೆ ಇಳಿದು ಬರುವ ಭಾಗ ಅನುಪಲ್ಲವಿ. ಚರಣ ಮಧ್ಯಸ್ಥಾಯಿಯಲ್ಲಿ ಹೊಸದಾಗಿ ತೊಡಗಿ, ಸಾಮಾನ್ಯವಾಗಿ ತನ್ನ ಉತ್ತರಾರ್ಧದಲ್ಲಿ ಅನುಪಲ್ಲವಿಯ ಧಾಟಿಯನ್ನೇ ಹಿಡಿದು ಪಲ್ಲವಿಯನ್ನು ಸೇರುತ್ತದೆ. ಒಂದೇ ಸಾಲನ್ನು ಹಂತ ಹಂತವಾಗಿ ಬೆಳೆಸುವ ಸ್ವರರೂಪಗಳು ಸಂಗತಿಗಳು. ಅನುಪಲ್ಲವಿ ಹಾಗೂ ಚರಣಗಳ ಕೊನೆಯಲ್ಲಿ ಬರುವ, ವಾಗ್ಗೇಯಕಾರನೇ ಗೊತ್ತುಪಡಿಸಿದ ಸ್ವರಗುಚ್ಛ ಚಿಟ್ಟೆಸ್ವರ. ಈ ವಿವರಣೆಗಳನ್ನು ಹತ್ತು ಸಾಲುಗಳಲ್ಲಿ ಬರೆದುಬಿಡಬಹುದು. ಅವನ್ನು ಮೈಗೂಡಿಸಿಕೊಳ್ಳಲು ಮಾತ್ರ ವರ್ಷಗಳು ಬೇಕು.

ವರ್ಣದ ಅಂಗರಚನೆ ಇದಕ್ಕಿಂತ ಭಿನ್ನ. ಅದರ ಪೂರ್ವಾಂಗದಲ್ಲಿ ಪಲ್ಲವಿ, ಅನುಪಲ್ಲವಿ, ಮುಕ್ತಾಯಿಸ್ವರಗಳಿದ್ದರೆ, ಉತ್ತರಾಂಗದಲ್ಲಿ ಚರಣವೂ ಅದಕ್ಕೆ ಸೇರಿದ ಸ್ವರಗಳೂ ಇರುತ್ತವೆ. ಈ ಚರಣಕ್ಕೆ ಎತ್ತುಗಡೆ ಪಲ್ಲವಿ ಎಂದೂ ಅದರ ಸ್ವರಗಳಿಗೆ ಎತ್ತುಗಡೆ ಸ್ವರ ಎಂದೂ ಹೆಸರು. ಕನ್ನಡಿಗನ ಕಿವಿಗೆ ಈ ಪದ ಹೊರಗಿನದೆನಿಸುವುದಿಲ್ಲ. ಎತ್ತಿಕೊಳ್ಳುವುದು, ಅಂದರೆ ಹೊಸದಾಗಿ ತೊಡಗುವುದು ಎಂಬ ಅರ್ಥ ಅದರೊಳಗೇ ಇದೆ. ಪಟ್ಣಂ ಅವರು ಅಭೋಗಿ ರಾಗ, ಆದಿತಾಳದಲ್ಲಿ ರಚಿಸಿದ ವರ್ಣ ಇಂದಿಗೂ ವಿದ್ಯಾರ್ಥಿಗಳ ಅಭ್ಯಾಸದಲ್ಲಿದೆ. ಸಂಸ್ಕೃತ ಪದಗಳು, ದ್ರಾವಿಡ ಭಾಷೆಗಳ ಪದಗಳು ಒಂದೇ ರಚನೆಯ ಅಂಗಗಳಿಗೆ ಹೆಸರಾಗಿ ನಿಂತಿರುವುದು ಈ ಪರಿಭಾಷೆಯ ಸ್ವಭಾವವನ್ನೇ ತೋರಿಸುತ್ತದೆ.

ಪಲ್ಲವಿ ಎಂಬ ಪದಕ್ಕೆ ಇನ್ನೊಂದು ಬಳಕೆಯೂ ಇದೆ. ರಾಗ, ತಾನ, ಪಲ್ಲವಿ ಎಂಬ ಕಛೇರಿಯ ಭಾಗದಲ್ಲಿ ಪಲ್ಲವಿ ಎಂದರೆ ಕೃತಿಯ ಮೊದಲ ಭಾಗವಲ್ಲ. ತಾಳದ ಆವರ್ತಕ್ಕೆ ಹೊಂದಿಸಿದ, ಒಂದೇ ಸಾಲಿನ ಸ್ವತಂತ್ರ ರಚನೆ. ಅದರ ಮಾತು ನಡುವೆ ಒಂದು ಕಡೆ ನಿಂತು ಉಸಿರು ಪಡೆಯುತ್ತದೆ. ಈ ನಿಲುಗಡೆಗೆ ಪದಗರ್ಭ ಎಂದು ಹೆಸರು. ತಾಳವನ್ನು ಬದಲಿಸದೆ ಸಾಲನ್ನು ಇಮ್ಮಡಿ, ನಾಲ್ಮಡಿ ವೇಗದಲ್ಲಿ ಹಾಡುವುದು ಅನುಲೋಮ. ಪದ, ಲಯ, ವಿನ್ಯಾಸ ಎಂಬ ಮೂರು ಮಾತುಗಳ ಮೊದಲಕ್ಷರಗಳಿಂದ ಪಲ್ಲವಿ ಎಂಬ ಹೆಸರು ಬಂತೆಂಬ ವಿವರಣೆ ವಿದ್ವಾಂಸರಲ್ಲಿ ರೂಢವಾಗಿದೆ. ಚಿಗುರು ಎಂಬ ಅರ್ಥದ ಪಲ್ಲವ ಶಬ್ದದೊಡನೆಯೂ ಅದನ್ನು ಸಂಬಂಧಿಸುವುದುಂಟು. ಕೀರ್ತನ ಸಾಹಿತ್ಯದ ಅಧ್ಯಯನಕಾರರು ಹಳೆಯ ಸಂಗೀತಗಾರರ ವಿಷಯವನ್ನು ಓದುವಾಗ, ಪಲ್ಲವಿ ಹಾಡುವುದರಲ್ಲಿ ಸಮರ್ಥರು ಎಂಬ ಹೊಗಳಿಕೆ ಈ ಎರಡನೆಯ ಅರ್ಥದ್ದೆಂದು ಗ್ರಹಿಸದಿದ್ದರೆ ಇಡೀ ವಾಕ್ಯವೇ ತಪ್ಪುದಾರಿಗೆ ಹೋಗುತ್ತದೆ.

ತಾಳದ ವಿಷಯದಲ್ಲಿ ವಾಸುದೇವಾಚಾರ್ಯರು ಪಡೆದ ಶಿಕ್ಷಣದ ತಳಹದಿ ಕನ್ನಡ ನಾಡಿನಲ್ಲಿಯೇ ಹಾಕಿದ್ದೆಂಬುದು ಗಮನಾರ್ಹ. ಸರಳೆ, ಜಂಟಿ, ಅಲಂಕಾರಗಳ ಅಭ್ಯಾಸಕ್ರಮವನ್ನು ರೂಪಿಸಿದವರು ಪುರಂದರದಾಸರೆಂದು ದಕ್ಷಿಣಾದಿ ಸಂಗೀತ ಪರಂಪರೆ ಒಪ್ಪಿಕೊಂಡಿದೆ. ಅಲಂಕಾರಗಳ ಮೂಲಕ ಕಲಿಯುವ ಏಳು ತಾಳಗಳು ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ ಮತ್ತು ಏಕ. ಇವಕ್ಕೆ ಸುಳಾದಿ ಸಪ್ತತಾಳಗಳೆಂದು ಹೆಸರು. ಹರಿದಾಸರ ಸುಳಾದಿಗಳಲ್ಲಿ ಒಂದೊಂದು ನುಡಿ ಒಂದೊಂದು ತಾಳಕ್ಕೆ ಅಳವಟ್ಟಿರುವುದನ್ನು ಕನ್ನಡ ಸಾಹಿತ್ಯದ ಅಭ್ಯಾಸಿಗಳು ಬಲ್ಲರು. ಲಘು, ದ್ರುತ, ಅನುದ್ರುತ ಎಂಬ ಮೂರು ಅಂಗಗಳಿಂದ ಈ ಏಳು ತಾಳಗಳು ಆಗುತ್ತವೆ. ಅನುದ್ರುತಕ್ಕೆ ಒಂದು ಅಕ್ಷರಕಾಲ, ದ್ರುತಕ್ಕೆ ಎರಡು. ಲಘುವಿನ ಪ್ರಮಾಣ ಮಾತ್ರ ತಿಶ್ರ, ಚತುರಶ್ರ, ಖಂಡ, ಮಿಶ್ರ, ಸಂಕೀರ್ಣ ಎಂಬ ಐದು ಜಾತಿಗಳಿಗೆ ತಕ್ಕಂತೆ ಬದಲಾಗುತ್ತದೆ. ಏಳು ತಾಳಗಳಿಗೆ ಐದು ಜಾತಿಗಳು ಸೇರಿ 35 ತಾಳಗಳಾಗುತ್ತವೆ. ಆದಿತಾಳವೆಂಬುದು ಚತುರಶ್ರ ಜಾತಿಯ ತ್ರಿಪುಟ: ನಾಲ್ಕರ ಒಂದು ಲಘು, ಎರಡೆರಡರ ಎರಡು ದ್ರುತ, ಒಟ್ಟು 8 ಅಕ್ಷರಕಾಲ. ಈ ಸುತ್ತು ಒಮ್ಮೆ ಪೂರ್ಣವಾದರೆ ಒಂದು ಆವರ್ತ. ಹಾಡು ಆವರ್ತದ ಮೊದಲ ತಟ್ಟಿನಲ್ಲಿಯೇ ಎದ್ದರೆ ಸಮಗ್ರಹ; ತಟ್ಟು ಬಿದ್ದ ಮೇಲೆ ಎದ್ದರೆ ಅನಾಗತ; ಅದಕ್ಕೆ ಮೊದಲೇ ಎದ್ದರೆ ಅತೀತ.

ಸಪ್ತತಾಳಗಳ ಆಚೆಗೆ ಚಾಪು ತಾಳಗಳಿವೆ. ಮಿಶ್ರಚಾಪಿನಲ್ಲಿ ಮೂರು ಮತ್ತು ನಾಲ್ಕು ಸೇರಿ ಏಳು. ಖಂಡಚಾಪಿನಲ್ಲಿ ಎರಡು ಮತ್ತು ಮೂರು ಸೇರಿ ಐದು. ಭಾಮಿನಿ ಷಟ್ಪದಿಯಲ್ಲಿ ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಒಂದರ ಬೆನ್ನಿಗೊಂದು ಬರುತ್ತವೆ. ವಾರ್ಧಕದಲ್ಲಿ ಐದು ಮಾತ್ರೆಯ ಗಣಗಳು ನಡೆಯುತ್ತವೆ. ಕುಮಾರವ್ಯಾಸನ ಮತ್ತು ಲಕ್ಷ್ಮೀಶನ ಷಟ್ಪದಿಗಳ ಗತಿಯನ್ನು ಬಲ್ಲವರಿಗೆ ಈ ಚಾಪುಗಳು ಅಪರಿಚಿತವಲ್ಲ. ಆದರೂ ಗಣದ ಎಣಿಕೆಯೇ ತಾಳವಲ್ಲ. ತಾಳದಲ್ಲಿ ಶಬ್ದವಿಲ್ಲದ ಕಾಲಕ್ಕೂ ಲೆಕ್ಕವಿದೆ. ಮಾತು ನಿಂತಾಗಲೂ ಕೈ ನಿಲ್ಲುವುದಿಲ್ಲ. ಶಾಸ್ತ್ರದಲ್ಲಿ ಲಯವೆಂದರೆ ಒಂದು ಕ್ರಿಯೆಗೂ ಮುಂದಿನ ಕ್ರಿಯೆಗೂ ನಡುವಿನ ಈ ಬಿಡುವೇ. ಆ ಬಿಡುವಿನ ಪ್ರಮಾಣದಿಂದ ವಿಲಂಬ, ಮಧ್ಯ, ದ್ರುತ ಎಂಬ ಮೂರು ಭೇದಗಳಾಗುತ್ತವೆ. ಸಾಹಿತ್ಯ ವಿಮರ್ಶೆಯಲ್ಲಿ ಪದ್ಯದ ಓಟಕ್ಕೆಲ್ಲ ಲಯವೆಂಬ ಒಂದೇ ಹೆಸರನ್ನು ಬಳಸುವಾಗ ಈ ಸೂಕ್ಷ್ಮ ಮರೆಯಾಗುತ್ತದೆ.

ತಿರುವೈಯಾರಿನ ಕಲಿಕೆಯನ್ನು ಮುಗಿಸಿ ಮೈಸೂರಿಗೆ ಮರಳಿದ ವಾಸುದೇವಾಚಾರ್ಯರು ಆಸ್ಥಾನ ವಿದ್ವಾಂಸರಾದರು. ಚಾಮರಾಜ ಒಡೆಯರು 1894ರಲ್ಲಿ ಕಲ್ಕತ್ತೆಯಲ್ಲಿ ಅಕಾಲಿಕವಾಗಿ ನಿಧನರಾದದ್ದು ಕಲಾವಿದರಿಗೆ ಒದಗಿದ ದೊಡ್ಡ ನಷ್ಟ. ಆದರೆ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಆಸ್ಥಾನದ ಸಂಗೀತ ಮತ್ತಷ್ಟು ಬೆಳಗಿತು. ವೀಣೆ ಶೇಷಣ್ಣ, ವೀಣೆ ಸುಬ್ಬಣ್ಣ, ಬಿಡಾರಂ ಕೃಷ್ಣಪ್ಪ ಮೊದಲಾದವರು ವಾಸುದೇವಾಚಾರ್ಯರ ಸಮಕಾಲೀನರು. ಉಡುಪಿಯ ಕಡೆಯಿಂದ ಬಂದು ಮೈಸೂರಿನಲ್ಲಿ ನೆಲೆಸಿದ ಬಿಡಾರಂ ಕೃಷ್ಣಪ್ಪನವರು ಕಛೇರಿಯಲ್ಲಿ ದಾಸರ ಪದಗಳಿಗೆ ಗೌರವದ ಸ್ಥಾನವನ್ನು ದೊರಕಿಸಿಕೊಟ್ಟವರು. ಮುಂದೆ ಆಸ್ಥಾನಕ್ಕೆ ಬಂದ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು ಚಾಮುಂಡೇಶ್ವರಿಯನ್ನು ಕುರಿತು ಕನ್ನಡದಲ್ಲಿ 108 ಕೃತಿಗಳನ್ನು ರಚಿಸಿದರು. ಹೀಗೆ ತೆಲುಗು, ಸಂಸ್ಕೃತ, ಕನ್ನಡ ಮೂರೂ ಭಾಷೆಗಳ ಹಾಡು ಒಂದೇ ಸಭೆಯಲ್ಲಿ ಕೇಳಿಬರುತ್ತಿದ್ದ ಕಾಲವದು. ಭಾಷೆ ಯಾವುದೇ ಆಗಿರಲಿ, ಹಾಡಿನ ಅಂಗಗಳಿಗೂ ತಾಳದ ಅಂಗಗಳಿಗೂ ಹೆಸರು ಒಂದೇ. ಪರಿಭಾಷೆ ಆ ಸಭೆಯ ಸಮಾನ ಭಾಷೆಯಾಗಿತ್ತು.

ವಾಸುದೇವಾಚಾರ್ಯರು ರಚಿಸಿದ ಕೃತಿಗಳು ಸುಮಾರು 200. ಅವುಗಳಲ್ಲಿ ಹೆಚ್ಚಿನವು ತೆಲುಗು ಮತ್ತು ಸಂಸ್ಕೃತದಲ್ಲಿವೆ. ವಾಸುದೇವ ಎಂಬುದು ಅವರ ಅಂಕಿತ. ಅದು ರಚನಕಾರನ ಹೆಸರೂ ಹೌದು, ಆರಾಧ್ಯದೈವದ ಹೆಸರೂ ಹೌದು. ವಾಗ್ಗೇಯಕಾರ ಎಂಬ ಮಾತಿಗೆ 13ನೆಯ ಶತಮಾನದ ಶಾರ್ಙ್ಗದೇವನ ಸಂಗೀತರತ್ನಾಕರದಲ್ಲಿ ಸ್ಪಷ್ಟವಾದ ವಿವರಣೆ ಇದೆ: ವಾಕ್ಕು ಮಾತು, ಗೇಯ ಧಾತು, ಎರಡನ್ನೂ ತಾನೇ ರಚಿಸುವವನು ವಾಗ್ಗೇಯಕಾರ. ಇಲ್ಲಿ ಬರುವ ಮಾತು ಎಂಬ ಶಾಸ್ತ್ರಪದ ಕನ್ನಡದ ಮಾತಿನಂತೆಯೇ ಕೇಳಿಸುವುದು ಕನ್ನಡಿಗರಿಗೆ ಒದಗಿದ ಅನುಕೂಲ. ವಾಸುದೇವಾಚಾರ್ಯರಲ್ಲಿ ಈ ಎರಡೂ ಹೇಗೆ ಕೂಡಿಕೊಂಡವೆಂಬುದಕ್ಕೆ ಖಮಾಚ್ ರಾಗ, ಆದಿತಾಳದ ಬ್ರೋಚೇವಾರೆವರುರಾ ಎಂಬ ಪ್ರಸಿದ್ಧ ಕೃತಿಯೊಂದನ್ನು ಪರಿಶೀಲಿಸಿದರೆ ಸಾಕು.

ಈ ಕೃತಿಯಲ್ಲಿ ಪಲ್ಲವಿ, ಅನುಪಲ್ಲವಿ, ಚಿಟ್ಟೆಸ್ವರ ಮತ್ತು ಚರಣಗಳಿವೆ. ಪಲ್ಲವಿ ಒಂದು ಪ್ರಶ್ನೆ: ರಾಮನಲ್ಲದೆ ಕಾಪಾಡುವವರು ಬೇರೆ ಯಾರು ಎಂಬುದು ಅದರ ಭಾವ. ಅನುಪಲ್ಲವಿಯ ಕೊನೆಯ ಸಾಲು ವ್ಯಾಕರಣದ ದೃಷ್ಟಿಯಿಂದ ಅಪೂರ್ಣ; ಚಿಂತೆಯನ್ನು ಕಳೆದು, ವರಗಳನ್ನಿತ್ತು, ಬೇಗನೆ ಎಂಬಲ್ಲಿಗೆ ಅದು ನಿಲ್ಲುತ್ತದೆ. ಕ್ರಿಯಾಪದಕ್ಕಾಗಿ ಅದು ಪಲ್ಲವಿಗೆ ಹೋಗಲೇಬೇಕು. ಚರಣವೂ ಹಾಗೆಯೇ, ಕೈಯನ್ನು ಗಟ್ಟಿಯಾಗಿ ಹಿಡಿದು ಬಿಡದೆ ಎಂಬ ಅರ್ಥದಲ್ಲಿ ಮುಗಿದು, ಕಾಪಾಡುವ ಕ್ರಿಯೆಯನ್ನು ಪಲ್ಲವಿಯಲ್ಲಿ ಪಡೆಯುತ್ತದೆ. ಪಲ್ಲವಿಗೆ ಮರಳುವುದು ಕೇವಲ ಗಾಯನದ ರೂಢಿಯಲ್ಲ, ವಾಕ್ಯದ ಅಗತ್ಯ ಎಂಬುದು ಇದರಿಂದ ತಿಳಿಯುತ್ತದೆ. ಪ್ರತಿ ಬಾರಿ ಮರಳಿದಾಗಲೂ ಪ್ರಶ್ನೆಯ ಅರ್ಥ ಸ್ವಲ್ಪ ಬದಲಾಗಿರುತ್ತದೆ: ಮೊದಲು ಅದು ಬೆರಗಿನ ಪ್ರಶ್ನೆ, ಆಮೇಲೆ ಆಸರೆಯ ಯಾಚನೆ, ಕೊನೆಗೆ ಹಿಡಿದ ಕೈಯ ಮೇಲಿನ ಭರವಸೆ.

ಪ್ರಾಸದ ವ್ಯವಸ್ಥೆಯೂ ಇದೇ ಅಂಗರಚನೆಯನ್ನು ಅನುಸರಿಸುತ್ತದೆ. ಪಲ್ಲವಿಯ ಎರಡನೆಯ ಅಕ್ಷರದಲ್ಲಿರುವ ಚಕಾರ ಅನುಪಲ್ಲವಿಯ ಪಾದಗಳ ಎರಡನೆಯ ಅಕ್ಷರದಲ್ಲಿಯೂ ಬರುತ್ತದೆ. ಹೀಗಾಗಿ ಅವೆರಡೂ ಒಂದೇ ಘಟಕವೆಂದು ಕಿವಿಗೆ ತಿಳಿಯುತ್ತದೆ. ಚರಣ ತಕಾರದ ಪ್ರಾಸದಿಂದ ಹೊಸದಾಗಿ ತೊಡಗುತ್ತದೆ. ಅದರ ನಡುವೆ ಪ್ರಾಸ ಸಕಾರಕ್ಕೆ ತಿರುಗಿ, ವಾಸುದೇವ ಎಂಬ ಅಂಕಿತಕ್ಕೆ ಸಹಜವಾಗಿ ಎಡೆಮಾಡಿಕೊಡುತ್ತದೆ. ದ್ವಿತೀಯಾಕ್ಷರ ಪ್ರಾಸ ಕನ್ನಡ ಮತ್ತು ತೆಲುಗು ಕಾವ್ಯಗಳ ಸಮಾನ ಸಂಪತ್ತು. ಹಳಗನ್ನಡ ಪದ್ಯದಲ್ಲಿ ಆದಿಪ್ರಾಸ ನಾಲ್ಕು ಪಾದಗಳನ್ನು ಕಟ್ಟಿಹಿಡಿಯುವಂತೆ, ಕೃತಿಯಲ್ಲಿ ಅದು ಪಲ್ಲವಿ ಮತ್ತು ಅನುಪಲ್ಲವಿಗಳನ್ನು ಕಟ್ಟಿಹಿಡಿಯುತ್ತದೆ. ಛಂದಸ್ಸಿನ ಪಾಠದಲ್ಲಿ ಕಲಿತದ್ದು ಹಾಡಿನಲ್ಲಿ ಕೆಲಸ ಮಾಡುವ ಬಗೆ ಇದು. ಮುಂದೆ 1980ರಲ್ಲಿ ತೆರೆಕಂಡ ಶಂಕರಾಭರಣಂ ತೆಲುಗು ಚಿತ್ರದ ಮೂಲಕ ಈ ಕೃತಿ ಕಛೇರಿಗೆ ಹೋಗದ ಜನರಿಗೂ ಪರಿಚಿತವಾಯಿತು. ಹಿಂದೋಳದ ಮಾಮವತು, ಸುನಾದವಿನೋದಿನಿಯ ದೇವಾದಿದೇವ, ಆಭೇರಿಯ ಭಜರೇ ರೇ ಮಾನಸ ಮೊದಲಾದ ಕೃತಿಗಳೂ ಕಛೇರಿಗಳಲ್ಲಿ ನೆಲೆನಿಂತಿವೆ. ತಮ್ಮ ರಚನೆಗಳನ್ನು ವಾಸುದೇವಾಚಾರ್ಯರು ವಾಸುದೇವ ಕೀರ್ತನ ಮಂಜರಿ ಎಂಬ ಹೆಸರಿನಲ್ಲಿ ಪ್ರಕಟಿಸಿದರು.

1935ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಗೌರವ ಅವರಿಗೆ ಸಂದಿತು. 1940ರಲ್ಲಿ ಪಟ್ಟಕ್ಕೆ ಬಂದ ಜಯಚಾಮರಾಜ ಒಡೆಯರು ದಕ್ಷಿಣಾದಿ ಸಂಗೀತದ ರಚನಾಕ್ರಮಕ್ಕೆ ಒಲಿದಾಗ ಅವರಿಗೆ ಮಾರ್ಗದರ್ಶಕರಾಗಿದ್ದವರು ವಾಸುದೇವಾಚಾರ್ಯರು. ಪಾಶ್ಚಾತ್ಯ ಸಂಗೀತದಲ್ಲಿ ನುರಿತಿದ್ದ ಆ ಅರಸರು ಶ್ರೀವಿದ್ಯಾ ಅಂಕಿತದಲ್ಲಿ ಸಂಸ್ಕೃತದ 94 ಕೃತಿಗಳನ್ನು ರಚಿಸಿದರು. ಅಜ್ಜನಿಂದ ಆಶ್ರಯ ಪಡೆದು ಕಲಿತವರು ಮೊಮ್ಮಗನಿಗೆ ಕಲಿಸಿದರೆಂಬುದು ಅರಮನೆಗೂ ವಿದ್ಯೆಗೂ ಇದ್ದ ಋಣಾನುಬಂಧದ ಒಂದು ಪೂರ್ಣ ಆವರ್ತ.

ಕನ್ನಡ ಸಾಹಿತ್ಯದ ದೃಷ್ಟಿಯಿಂದ ವಾಸುದೇವಾಚಾರ್ಯರ ಮಹತ್ತ್ವದ ಕೊಡುಗೆ ಅವರ ಗದ್ಯ. ಹಾಡಿಗೆ ತೆಲುಗು, ಸಂಸ್ಕೃತಗಳನ್ನು ಬಳಸಿದ ಅವರು ಸಂಗೀತವನ್ನು ಕುರಿತು ಹೇಳಬೇಕಾದಾಗ ಕನ್ನಡವನ್ನು ಆರಿಸಿಕೊಂಡರು. ನಾ ಕಂಡ ಕಲಾವಿದರು ಎಂಬ ಕೃತಿಯಲ್ಲಿ ತಮ್ಮ ಗುರುವಿನಿಂದ ಮೊದಲುಗೊಂಡು ತಾವು ಕಂಡು ಕೇಳಿದ ವಿದ್ವಾಂಸರ ವ್ಯಕ್ತಿಚಿತ್ರಗಳನ್ನು ನೀಡಿದರು. ನೆನಪುಗಳು ಅವರ ಸ್ವಂತ ಬದುಕಿನ ಕಥನ. ಈ ಬರವಣಿಗೆಯಲ್ಲಿ ಪಾರಿಭಾಷಿಕ ಪದಗಳು ಲಕ್ಷಣವಾಕ್ಯಗಳಾಗಿ ಬರುವುದಿಲ್ಲ, ಪ್ರಸಂಗಗಳ ಒಳಗೆ ಬರುತ್ತವೆ. ಯಾರು ಎಲ್ಲಿ ಯಾವ ರಾಗವನ್ನು ವಿಸ್ತರಿಸಿದರು, ಯಾವ ಪಲ್ಲವಿಯನ್ನು ಎತ್ತಿಕೊಂಡರು, ಸಭೆ ಹೇಗೆ ಸ್ಪಂದಿಸಿತು ಎಂಬ ಕಥನದಲ್ಲಿ ಓದುಗನಿಗೆ ಪದದ ಅರ್ಥ ತಾನಾಗಿ ಹೊಳೆಯುತ್ತದೆ. ಗುರುಕುಲದ ಕಲಿಕೆಯ ಕ್ರಮವನ್ನೇ ಅವರು ಗದ್ಯಕ್ಕೆ ತಂದರೆಂದು ಹೇಳಿದರೆ ತಪ್ಪಾಗಲಾರದು. ಧ್ವನಿಮುದ್ರಿಕೆಗೆ ಸಿಗದೆ ಹೋದ ಒಂದು ತಲೆಮಾರಿನ ಗಾಯನ ಕನ್ನಡ ವಾಕ್ಯಗಳಲ್ಲಿ ಉಳಿದುಕೊಂಡದ್ದು ಹೀಗೆ.

ಬದುಕಿನ ಕೊನೆಯ ವರ್ಷಗಳು ಮೈಸೂರಿನಿಂದ ದೂರದಲ್ಲಿ ಕಳೆದವು. ರುಕ್ಮಿಣೀದೇವಿ ಅರುಂಡೇಲ್ ಅವರು 1936ರಲ್ಲಿ ಮದರಾಸಿನ ಅಡಯಾರಿನಲ್ಲಿ ಸ್ಥಾಪಿಸಿದ ಕಲಾಕ್ಷೇತ್ರಕ್ಕೆ, ಅವರ ಆಹ್ವಾನದ ಮೇರೆಗೆ, ಎಂಬತ್ತು ದಾಟಿದ್ದ ವಾಸುದೇವಾಚಾರ್ಯರು ಹೋದರು. ಸಹಪಾಠಿ ಟೈಗರ್ ವರದಾಚಾರ್ಯರು ಇದಕ್ಕೆ ಹಿಂದೆ ಅದೇ ಸಂಸ್ಥೆಯಲ್ಲಿ ಸೇವೆ ಸಲ್ಲಿಸಿದ್ದರು. ಅಲ್ಲಿ ವಾಲ್ಮೀಕಿ ರಾಮಾಯಣವನ್ನು ಆಧರಿಸಿದ ನೃತ್ಯನಾಟಕ ಮಾಲೆಗೆ ಅವರು ಸಂಗೀತವನ್ನು ಅಳವಡಿಸಿದರು. ಅದರ ಮೊದಲ ಭಾಗ ಸೀತಾಸ್ವಯಂವರಂ 1955ರಲ್ಲಿ ರಂಗಕ್ಕೆ ಬಂದಿತು. ವಾಲ್ಮೀಕಿಯ ಅನುಷ್ಟುಪ್ಪಿನಲ್ಲಿ ಪಾದಕ್ಕೆ ಎಂಟು ಅಕ್ಷರ. ಆದಿತಾಳದ ಆವರ್ತಕ್ಕೆ ಎಂಟು ಅಕ್ಷರಕಾಲ. ಎಣಿಕೆ ಒಂದೇ ಆದರೂ ಒಂದು ಮತ್ತೊಂದಕ್ಕೆ ನೇರವಾಗಿ ಕೂಡುವುದಿಲ್ಲ. ಶ್ಲೋಕದ ಗುರುಲಘುಗಳಿಗೂ ನರ್ತಕಿಯ ಹೆಜ್ಜೆಗೂ ನಡುವೆ ಹಾದಿಯನ್ನು ರಚನಕಾರ ಹುಡುಕಬೇಕು. ಮೈಸೂರಿನ ಪಾಠಶಾಲೆಯಲ್ಲಿ ಬಾಲಕನ ಮುಂದೆ ಬೇರೆ ಬೇರೆಯಾಗಿ ನಿಂತಿದ್ದ ಎರಡು ಲೆಕ್ಕಗಳು ತೊಂಬತ್ತರ ವೃದ್ಧನ ಮುಂದೆ ಒಂದೇ ಕೆಲಸವಾಗಿ ಬಂದು ನಿಂತವು. ಮಾಲೆಯಲ್ಲಿ ಉಳಿದ ಭಾಗಗಳನ್ನು ಅವರ ಮೊಮ್ಮಗ ಎಸ್. ರಾಜಾರಾಂ ಮುಂದೆ ಪೂರ್ಣಗೊಳಿಸಿದರು.

1954ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯನ್ನೂ 1959ರಲ್ಲಿ ಪದ್ಮಭೂಷಣವನ್ನೂ ಪಡೆದ ವಾಸುದೇವಾಚಾರ್ಯರು 1961ರ ಮೇ 17ರಂದು, ತೊಂಬತ್ತಾರು ವರ್ಷ ತುಂಬಲು ಕೆಲವೇ ದಿನಗಳಿದ್ದಾಗ, ಮದರಾಸಿನಲ್ಲಿ ನಿಧನರಾದರು.

ಅವರ ಬದುಕಿನಿಂದ ಕನ್ನಡ ಅಧ್ಯಯನಕ್ಕೆ ದೊರೆಯುವ ತಿಳಿವಳಿಕೆ ಸ್ಪಷ್ಟವಾಗಿದೆ. ಧಾತುವನ್ನು ಬಿಟ್ಟ ಮಾತು ಕೀರ್ತನೆಯ ಅರ್ಧಭಾಗ ಮಾತ್ರ. ದಾಸರ ಪದವೊಂದರಲ್ಲಿ ನುಡಿಯ ಕೊನೆಯ ಸಾಲು ಅಪೂರ್ಣವೆಂದು ಕಂಡಾಗ ಅದು ಪಾಠದೋಷವೇ ಅಥವಾ ಪಲ್ಲವಿಗಾಗಿ ಚಾಚಿದ ಕೈಯೇ ಎಂಬುದನ್ನು ಸಂಪಾದಕ ನಿರ್ಧರಿಸಬೇಕಾಗುತ್ತದೆ. ಮಾತ್ರೆಯೊಂದು ಕಡಿಮೆಯಾದಾಗ ಅದು ಛಂದೋಭಂಗವೇ ಅಥವಾ ತಾಳದ ಬಿಡುವೇ ಎಂಬ ಪ್ರಶ್ನೆಯೂ ಏಳುತ್ತದೆ. ಪಲ್ಲವಿ, ಚರಣ, ಲಘು, ಲಯಗಳು ಕೇವಲ ತಲೆಬರಹದ ಪದಗಳಾಗಿದ್ದರೆ ಈ ಪ್ರಶ್ನೆಗಳಿಗೆ ಉತ್ತರ ಸಿಗುವುದಿಲ್ಲ. ತಪ್ಪು ತಿದ್ದುಪಡಿಗಳು ಮಾತ್ರ ಸಿಗುತ್ತವೆ. ಕಂಠದಲ್ಲಿ ಮೊದಲು ಕಲಿತು, ಶಾಸ್ತ್ರದಲ್ಲಿ ಅರಿತು, ಕನ್ನಡದಲ್ಲಿ ಬರೆದಿಟ್ಟ ವಾಸುದೇವಾಚಾರ್ಯರು ಈ ಪದಗಳನ್ನು ಮತ್ತೆ ಹಾಡಿನೊಳಕ್ಕೆ ಒಯ್ದು ಓದುವ ಹಾದಿಯನ್ನು ತೋರಿದ್ದಾರೆ.